ಬಿನ್ನವತ್ತಳೆಯ ಹಳ್ಳದಲ್ಲಿ ಮುಳುಗಿದವರು

ನನ್ನ ಮಾನ ಹೋಗುವ ಪ್ರಸಂಗಗಳೆಲ್ಲ ವೇದಿಕೆಯ ಮೇಲೆ, ಶಾಲು ಹಾರಗಳ ನಡುವೆ, ಜೋರು ಚಪ್ಪಾಳೆಯ ಹೊತ್ತಿಗೇ ನಡೆಯುತ್ತವೆ. ಬೇರೆಯವರು ತಪ್ಪು ಮಾಡಿದರೆ ಜನ ನಾಲ್ಕು ಮಾತು ಬೈಯುತ್ತಾರೆ, ಅಲ್ಲಿಗೆ ಮುಗಿಯಿತು. ನನ್ನ ತಪ್ಪಿಗೆ ಜನ ಎದ್ದು ನಿಂತು ಕೈ ಮುಗಿಯುತ್ತಾರೆ. ಹೀಗಾಗಿ ನಾಚಿಕೆಪಡುವ ಕೆಲಸವನ್ನೂ ನಾನೊಬ್ಬಳೇ ಮಾಡಬೇಕು.

ನಾನು ಹೈಸ್ಕೂಲಿನ ಕನ್ನಡ ಮೇಡಂ. ಹುಟ್ಟಿದ್ದು ಸೊರಬದ ಕಡೆ ಕುಪ್ಪಗಡ್ಡೆ, ಕೊಟ್ಟದ್ದು ಶಿಕಾರಿಪುರಕ್ಕೆ, ಪಾಠ ಹೇಳುವುದು ಇವೆರಡರ ನಡುವಿನ ಒಂದು ಹಳ್ಳಿಯಲ್ಲಿ. ನಮ್ಮ ಕಡೆ ಯಾರೇ ನಿವೃತ್ತರಾಗಲಿ, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿಯ ಜೊತೆಗೆ ಗಾಜು ಹಾಕಿಸಿದ ಒಂದು ಬಿನ್ನವತ್ತಳೆ ಕೊಡಲೇಬೇಕು. ಬಿನ್ನವತ್ತಳೆ ಎಂದರೆ ಅವರ ಗುಣಗಾನದ ಪತ್ರ. ಅದನ್ನು ಯಾರಾದರೂ ವೇದಿಕೆಯ ಮೇಲೆ ನಿಂತು ಗಟ್ಟಿಯಾಗಿ ಓದಬೇಕು, ಆಮೇಲೆ ಅದು ಅವರ ಮನೆಯ ಗೋಡೆಗೆ ಹೋಗಬೇಕು. ಇದನ್ನು ಬರೆಯುವವರು ಯಾರೆಂದು ಯಾರೂ ಕೇಳುವುದಿಲ್ಲ. ಗಣಿತದ ಮೇಷ್ಟ್ರಿಗೆ ಟ್ಯೂಷನ್ನು, ಇಂಗ್ಲಿಷ್ ಮೇಷ್ಟ್ರಿಗೆ ಟ್ಯೂಷನ್ನು, ಕನ್ನಡದವಳಿಗೆ ಬಿನ್ನವತ್ತಳೆ. ಇಷ್ಟು ವರ್ಷಗಳಲ್ಲಿ ಎಷ್ಟು ಬರೆದಿದ್ದೇನೋ ನನಗೇ ನೆನಪಿಲ್ಲ. ಅದರಲ್ಲಿ ಎಷ್ಟು ನಿಜ ಬರೆದಿದ್ದೇನೆ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ, ಏಕೆಂದರೆ ಅದು ಬಹಳ ಕಡಿಮೆ.

ಉನ್ನತ ಹುದ್ದೆಯ ಎಮ್ಮೆಗಳು

ಮೊದಲೆಲ್ಲ ಪ್ರತಿಯೊಬ್ಬರಿಗೂ ಬೇರೆ ಬೇರೆ ಬರೆಯುತ್ತಿದ್ದೆ. ಆಮೇಲೆ ಸೋಮಾರಿತನ ಬಂತು. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಡಿಟಿಪಿ ಅಂಗಡಿ ಇದೆ. ಅಲ್ಲಿಯ ಕಂಪ್ಯೂಟರಿನಲ್ಲಿ ನಾನು ಒಬ್ಬ ಮೇಷ್ಟ್ರಿಗೆ ಬರೆದ ಬಿನ್ನವತ್ತಳೆ ಕೂತಿತ್ತು. ಯಾರಾದರೂ ಫೋನ್ ಮಾಡಿದರೆ, "ಅದರಾಗೇ ಹೆಸರು ಬದಲು ಮಾಡ್ರಿ, ಕೆಲಸ ಬದಲು ಮಾಡ್ರಿ" ಎನ್ನುತ್ತಿದ್ದೆ. ಕೆಲಸ ಸುಲಭವಾಯಿತು. ಎಲ್ಲರೂ ಖುಷಿಯಾಗಿದ್ದರು.

ಒಂದು ಸಲ ಸೊರಬದ ಕಡೆಯ ಪಶು ಆಸ್ಪತ್ರೆಯ ಡಾಕ್ಟರೊಬ್ಬರು ನಿವೃತ್ತರಾದರು. ನನಗೆ ಪರೀಕ್ಷೆಯ ಪೇಪರು ತಿದ್ದುವ ಗಡಿಬಿಡಿ. ಅಂಗಡಿಯವರಿಗೆ ಫೋನಿನಲ್ಲೇ ಹೇಳಿದೆ: "ಮೇಷ್ಟ್ರು ಅಂತ ಇರೋ ಕಡೆ ಡಾಕ್ಟ್ರು ಅಂತ ಹಾಕ್ರಿ. ವಿದ್ಯಾರ್ಥಿಗಳು ಅಂತ ಇರೋ ಕಡೆ ಜಾನುವಾರುಗಳು ಅಂತ ಹಾಕ್ರಿ." ಅವರು ಬಹಳ ಶ್ರದ್ಧೆಯ ಮನುಷ್ಯ. ಹೇಳಿದ್ದನ್ನು ಹೇಳಿದ ಹಾಗೇ ಮಾಡಿದರು.

ಸಮಾರಂಭದಲ್ಲಿ ನನ್ನ ಕೈಗೇ ಫ್ರೇಮು ಕೊಟ್ಟು ಓದಿ ಎಂದರು. ಓದುತ್ತಾ ಓದುತ್ತಾ ಎರಡನೇ ಪ್ಯಾರಾಕ್ಕೆ ಬಂದೆ. "ತಾವು ತಿದ್ದಿ ತೀಡಿ ಬೆಳೆಸಿದ ಸಾವಿರಾರು ಜಾನುವಾರುಗಳು ಇಂದು ದೇಶ ವಿದೇಶಗಳಲ್ಲಿ ಉನ್ನತ ಹುದ್ದೆಗಳನ್ನು ಅಲಂಕರಿಸಿ, ತಮ್ಮ ಹೆಸರನ್ನು ಬೆಳಗುತ್ತಿವೆ." ಓದಿ ಮುಗಿಸಿದ ಮೇಲೆ ನಾನು ಏನು ಓದಿದೆ ಎಂದು ನನಗೆ ಹೊಳೆಯಿತು. ನಿಲ್ಲಿಸಿದರೆ ಸಿಕ್ಕಿಬೀಳುತ್ತೇನೆ ಎಂದು ಇನ್ನಷ್ಟು ಭಾವ ತುಂಬಿ ಮುಂದೆ ಓದಿದೆ. ಸಭೆ ಚಪ್ಪಾಳೆ ಹೊಡೆಯಿತು. ಡಾಕ್ಟರು ಕಣ್ಣೊರೆಸಿಕೊಂಡರು. ಒಬ್ಬರಾದರೂ ನಗಬಾರದೇ? ಯಾರೂ ನಗಲಿಲ್ಲ. ಬಿನ್ನವತ್ತಳೆಯ ಧಾಟಿಯಲ್ಲಿ ಓದಿದರೆ ನಮ್ಮ ಜನಕ್ಕೆ ಎಲ್ಲವೂ ನಿಜವೇ.

ಊಟದ ಸಾಲಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ನನ್ನ ಪಕ್ಕ ಬಂದು ಕೂತರು. ಡಾಕ್ಟರ ಮೇಲಿನ ಪ್ರೀತಿಗೆ ದೂರದಿಂದ ಬಂದವರು. ಬಹಳ ಹೊತ್ತು ಪಾಯಸ ಕಲಸುತ್ತಾ ಏನೋ ಯೋಚಿಸುತ್ತಿದ್ದರು. ಆಮೇಲೆ ಬೇಜಾರಿನಿಂದ ಕೇಳಿದರು: "ಅಲ್ಲ ಮೇಡಂ, ನಮ್ಮ ಎಮ್ಮೇನೂ ಇವರೇ ನೋಡಿದ್ದು. ಅದು ಇನ್ನೂ ಕೊಟ್ಟಿಗೆಯಲ್ಲೇ ಇದ್ಯಲ್ಲ. ಅದಕ್ಕೆ ಎಂತ ಕಡಿಮೆ ಆಗಿತ್ತು ಹೇಳಿ?"

ಗೋಡೆಯ ಮೇಲಿನ ಶಾಂತಮೂರ್ತಿ

ನಮ್ಮ ಶಾಲೆಯಲ್ಲಿ ಮೊದಲಿದ್ದ ಹೆಡ್‌ಮೇಷ್ಟ್ರು ಮಹಾ ಸಿಟ್ಟಿನವರು. ಅವರು ಸ್ಟಾಫ್ ರೂಮಿಗೆ ಬಂದರೆ ಗಡಿಯಾರವೂ ಎರಡು ನಿಮಿಷ ಮುಂದೆ ಹೋಗುತ್ತದೆ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಅವರು ನಿವೃತ್ತರಾದಾಗ ನಾನು ಏನು ಬರೆದೆ? "ಸಿಟ್ಟೆಂಬುದನ್ನೇ ಅರಿಯದ ಶಾಂತಮೂರ್ತಿ ತಾವು. ತಮ್ಮ ಬಾಯಿಂದ ಒಂದು ಬಿರುನುಡಿ ಕೇಳಿದವರು ಈ ಶಾಲೆಯಲ್ಲಿ ಯಾರೂ ಇಲ್ಲ." ಇದನ್ನು ಓದುವಾಗ ಹಿಂದಿನ ಸಾಲಿನ ಮೇಷ್ಟ್ರುಗಳು ಕರ್ಚೀಫಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ ಅಳುತ್ತಿದ್ದರು.

ಆನಂದಬಾಷ್ಪ ಎಂದುಕೊಂಡು ನಾನು ಹತ್ತಿರ ಹೋದೆ. ಅವರು ನನ್ನ ಕೈ ಹಿಡಿದು, "ಇಷ್ಟು ಒಳ್ಳೇರನ್ನ ಮೂವತ್ತು ವರ್ಷ ನೀವೇ ಇಟ್ಕೊಂಡ್ರಲ್ರೀ. ಮನೆಗೆ ಬರ್ತಿದ್ದೋರು ಯಾರು ಹಂಗಾರೆ?" ಎಂದರು.

ಆರು ತಿಂಗಳ ಮೇಲೆ ಶಿಕಾರಿಪುರದ ಸಂತೆಯಲ್ಲಿ ಅದೇ ಹೆಂಗಸು ಸಿಕ್ಕರು. ಈ ಸಲ ಮುಖದಲ್ಲಿ ಗೆಲುವು. ಫ್ರೇಮನ್ನು ಊಟದ ಕೋಣೆಯ ಗೋಡೆಗೇ ಹಾಕಿಸಿದ್ದಾರಂತೆ. ಯಜಮಾನರು ದನಿ ಏರಿಸಿದ ಕೂಡಲೇ ಇವರು ಏನೂ ಮಾತಾಡದೆ ಗೋಡೆಯ ಕಡೆ ಕೈ ತೋರಿಸುತ್ತಾರಂತೆ. ಮನುಷ್ಯ ಎದ್ದು ಹೋಗಿ, ಕನ್ನಡಕ ಹಾಕಿಕೊಂಡು, ಮೊದಲಿಂದ ಕೊನೆಯವರೆಗೆ ಓದಿ, ತಣ್ಣಗಾಗಿ ಬಂದು ಕೂರುತ್ತಾರಂತೆ.

"ಹಂಗಾರೆ ಈಗ ಸಿಟ್ಟೇ ಇಲ್ವಾ?" ಎಂದೆ.

"ಪೂರಾ ಹೋಗಿಲ್ಲ ಬಿಡ್ರಿ. ನಿನ್ನೆ ಸಾರಿಗೆ ಉಪ್ಪು ಜಾಸ್ತಿ ಆತು ಅಂತ ಕೂಗಾಡಿದ್ರು. ಗೋಡೆ ತೋರಿಸ್ದೆ. ಹೋಗಿ ಓದಿ ಬಂದು, 'ಇದರಾಗೆ ಸಾರಿನ ಸುದ್ದಿ ಇಲ್ಲ' ಅಂದ್ರು."

ಈ ಸಂಗತಿಯನ್ನು ಮನೆಗೆ ಬಂದು ನಮ್ಮ ಯಜಮಾನರಿಗೆ ಹೆಮ್ಮೆಯಿಂದ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ನನಗೂ ಮದುವೇಲೇ ಒಂದು ಬರೆದು ಕೊಟ್ಟಿದ್ರೆ ನಾನೂ ಒಳ್ಳೆ ಗಂಡ ಆಗ್ತಿದ್ದೆ. ಬರೆಯೋರು ಮನೇಲೇ ಇದ್ದು ಎಂತ ಪ್ರಯೋಜನ" ಎಂದರು.

ಹೊಡೆಯದ ಬೆಲ್ಲು

ಇಲ್ಲಿಯವರೆಗೆ ನನ್ನ ಸುಳ್ಳುಗಳಿಂದ ಯಾರ ಮೈಗೂ ನೀರು ತಾಗಿರಲಿಲ್ಲ. ಅದು ಶುರುವಾದದ್ದು ನಮ್ಮ ಅಟೆಂಡರಣ್ಣನಿಂದ. ಶಾಲೆಯ ಅಟೆಂಡರು ಅವರು. ಮಕ್ಕಳೂ ನಾವೂ ಅಟೆಂಡರಣ್ಣ ಎಂದೇ ಕರೆಯುತ್ತಿದ್ದೆವು. ಮೂವತ್ತೊಂದು ವರ್ಷ ಬೆಲ್ ಹೊಡೆದು, ಬೀಗ ಹಾಕಿ, ನೋಟೀಸು ತಿರುಗಿಸಿ ನಿವೃತ್ತಿಗೆ ಬಂದಿದ್ದರು. ಹೊಸ ಹೆಡ್‌ಮೇಷ್ಟ್ರು ಹೇಳಿದರು: "ಮೇಡಂ, ಎಲ್ಲರಿಗೂ ಮಾಡಿದ ಹಾಗೇ ಇವರಿಗೂ ಮಾಡೋಣ. ಫ್ರೇಮಿಗೆ ಆರ್ಡರ್ ಕೊಟ್ಟಾಗಿದೆ, ದೊಡ್ಡದು. ಪುಟ ತುಂಬಬೇಕು."

ಈ ಸಲ ನಿಜವನ್ನೇ ಬರೆಯುತ್ತೇನೆ ಎಂದು ಪೆನ್ನು ಹಿಡಿದುಕೊಂಡು ಅವರ ಸ್ಟೂಲಿನ ಹತ್ತಿರ ಹೋದೆ.

"ಅಣ್ಣ, ನಿಮ್ಮ ಸರ್ವಿಸಿನಲ್ಲಿ ಮರೆಯೋಕಾಗದ ಸಂಗತಿ ಏನಾದ್ರೂ ಹೇಳ್ರಿ."

ಅವರು ಬಹಳ ಯೋಚಿಸಿದರು. "ಒಂದ್ಸಲ ಬೆಲ್ ಹೊಡಿಯಾದು ಮರ್ತಿದ್ದೆ ಮೇಡಂ."

"ಹೌದಾ! ಆಮೇಲೆ ಏನಾಯ್ತು?"

"ಏನೂ ಆಗ್ಲಿಲ್ಲ. ಯಾರಿಗೂ ಗೊತ್ತಾಗ್ಲಿಲ್ಲ."

ನಾನು ಪೆನ್ನಿನ ಟೋಪಿ ಹಾಕಿದೆ. ಇನ್ನೂ ಎರಡು ಪ್ರಶ್ನೆ ಕೇಳಬಹುದಿತ್ತು. ಅವರ ಹೆಂಡತಿಯನ್ನು ಕೇಳಬಹುದಿತ್ತು. ಹಳೆಯ ವಿದ್ಯಾರ್ಥಿಗಳನ್ನು ಕೇಳಬಹುದಿತ್ತು. ಕೇಳಲಿಲ್ಲ, ನನಗೆ ಬಸ್ಸಿಗೆ ಹೊತ್ತಾಗಿತ್ತು. ಆ ಬಸ್ಸಿನಲ್ಲೇ ಕೂತು ಬರೆದೆ: "ಒಂದು ಮಳೆಗಾಲದ ಸಂಜೆ, ತುಂಬಿ ಹರಿಯುತ್ತಿದ್ದ ಹಳ್ಳದಲ್ಲಿ ಕೊಚ್ಚಿಹೋಗುತ್ತಿದ್ದ ಬಾಲಕನನ್ನು ಕಂಡು, ಪ್ರಾಣದ ಹಂಗು ತೊರೆದು ಧುಮುಕಿ, ಭೋರ್ಗರೆವ ಪ್ರವಾಹದೊಡನೆ ಸೆಣಸಿ, ಆ ಕುಡಿಯನ್ನು ತಾಯಿಯ ಮಡಿಲಿಗೆ ಮರಳಿಸಿದ ಧೀರ ತಾವು." ಪುಟ ತುಂಬಿತು. ಬರೆದವಳಿಗೇ ಮೈ ಜುಮ್ಮೆಂದಿತು.

ಓದುವ ದಿನ ಶಾಲೆಯ ಅಂಗಳ ತುಂಬಿತ್ತು. ನಮ್ಮ ಶಾಲಾ ಸಮಿತಿ ಅಧ್ಯಕ್ಷರು ಮೈಕ್ ಪ್ರಿಯರು, ಭಾವುಕರು. ಅವರಂತೂ ಶಾಲಿನ ತುದಿಯಲ್ಲೇ ಮೂಗು ಒರೆಸಿಕೊಂಡರು. ಅಟೆಂಡರಣ್ಣನ ಹೆಂಡತಿ ಮಾತ್ರ ಗಂಡನನ್ನೇ ಎವೆಯಿಕ್ಕದೆ ನೋಡುತ್ತಿದ್ದರು. ಅಟೆಂಡರಣ್ಣ ನೆಲ ನೋಡುತ್ತಿದ್ದರು.

ಸಭೆ ಮುಗಿದ ಮೇಲೆ ಪೇಟ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದರು. ಬೈಯುತ್ತಾರೆ, ಬೈಯಲಿ, ನನಗೆ ಆಗಬೇಕಾದದ್ದೇ ಎಂದು ನಾನು ಸಿದ್ಧಳಾಗಿದ್ದೆ. ಅವರು ಆಚೀಚೆ ನೋಡಿ ಮೆಲ್ಲಗೆ ಕೇಳಿದರು: "ಮೇಡಂ, ಅದು ಯಾವ ವರ್ಷ ಅಂತ ಹೇಳ್ಬಿಡ್ರಿ. ನಾಳೆ ಯಾರಾರ ಕೇಳಿದ್ರೆ ಹೇಳಾಕೆ ಬೇಕಾಗ್ತೈತಿ."

ಬಸ್ಸಿನಲ್ಲಿ ಸಿಕ್ಕ ಮೊಸಳೆ

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ನಮ್ಮ ಶಿಕಾರಿಪುರ ಸೊರಬದ ನಡುವೆ ಅದಕ್ಕೆ ಕಾಲೇ ಬೇಕಾಗಿಲ್ಲ, ಬಸ್ಸಿದೆ.

ಮೂರು ತಿಂಗಳಲ್ಲಿ, ಹಳ್ಳದಿಂದ ಎತ್ತಿದ ಆ ಬಾಲಕ ನಾನೇ ಎನ್ನುವವರು ಮೂವರು ಹುಟ್ಟಿಕೊಂಡರು. ಒಬ್ಬರು ಕಿರಾಣಿ ಅಂಗಡಿಯವರು. ಇನ್ನೊಬ್ಬರು ಕಂಡಕ್ಟರು. ಮೂರನೆಯವರು ಅಟೆಂಡರಣ್ಣನಿಗಿಂತ ಎರಡು ವರ್ಷ ದೊಡ್ಡವರು. ಇನ್ನು ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ಜನಕ್ಕೆ ಇದು ತೊಡಕೆನಿಸಲಿಲ್ಲ. "ಒಂದೇ ಸಲ ಉಳಿಸಿರ್ತಾರೇನ್ರೀ? ಅಂಥ ಮನುಷ್ಯ ಎಷ್ಟೋ ಸಲ ಉಳಿಸಿರ್ತಾನೆ" ಎಂದು ಅವರೇ ಸರಿಮಾಡಿಕೊಂಡರು.

ಒಂದು ದಿನ ಸೊರಬದ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹಿರಿಯರೊಬ್ಬರು ದಾರಿ ಸವೆಯಲೆಂದು ಇದೇ ಕಥೆ ತೆಗೆದರು. ನಾನು ಯಾರೆಂದು ಅವರಿಗೆ ಗೊತ್ತಿಲ್ಲ. ಅವರ ಕಥೆಯಲ್ಲಿ ಹಳ್ಳಕ್ಕೆ ಎರಡು ಆಳು ನೀರು ಬಂದಿತ್ತು, ಕತ್ತಲಾಗಿತ್ತು, ಒಂದು ಮೊಸಳೆಯೂ ಸೇರಿಕೊಂಡಿತ್ತು. ಮೊಸಳೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ.

"ಯಜಮಾನ್ರೆ, ಮೊಸಳೆ ಇಲ್ಲ. ಹಳ್ಳಾನೂ ಇಲ್ಲ. ಆ ಕಥೆ ನಾನೇ ಬರೆದಿದ್ದು, ಸುಳ್ಳು" ಎಂದೆ. ಹೇಳಿದ ಮೇಲೆ ಎದೆ ಹಗುರಾಯಿತು.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀವು ಯಾವೂರೋರು ತಾಯಿ?"

"ಹುಟ್ಟಿದ್ದು ಕುಪ್ಪಗಡ್ಡೆ."

"ಅದಕ್ಕೇ ನಿಮಗೆ ಗೊತ್ತಿಲ್ಲ. ನಾನು ಅವತ್ತು ದಂಡೆ ಮ್ಯಾಲೇ ನಿಂತಿದ್ದೆ" ಎಂದರು. ಇಳಿಯುವಾಗ ಹಿಂದಿನ ಸೀಟಿನವರಿಗೆ ನನ್ನನ್ನು ತೋರಿಸಿ, "ಕಲಿತೋರು ನೋಡ್ರಿ. ಬಡವ ಒಂದು ಒಳ್ಳೆ ಕೆಲಸ ಮಾಡಿದ್ರೆ ತಡ್ಕೊಳ್ಳಲ್ಲ" ಎಂದೂ ಹೇಳಿ ಹೋದರು. ಉಳಿದ ದಾರಿಯುದ್ದಕ್ಕೂ ಇಡೀ ಬಸ್ಸು ನನ್ನನ್ನು ದುರುಗುಟ್ಟಿ ನೋಡಿತು.

ಕಂಬದ ಮುಂದೆ

ಇದೇ ದಿನಗಳಲ್ಲಿ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ತಾಳಗುಂದಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿಯ ಹಳೆಯ ಶಾಸನದ ಕಂಬದ ಮೇಲೆ ರಾಜರ ಹೊಗಳಿಕೆ ಕೆತ್ತಿರುವುದನ್ನು ತೋರಿಸಿ, ವಂಶ, ಶೌರ್ಯ, ದಾನಧರ್ಮ ಎಂದು ವಿವರಿಸಿದೆ. ಮುಂದೆ ನಿಂತಿದ್ದ ಒಬ್ಬ ಹುಡುಗಿ ಎಲ್ಲ ಕೇಳಿ, ಬೆರಳೆತ್ತಿದಳು. "ಮೇಡಂ, ಇದು ಬಿನ್ನವತ್ತಳೆ ಅಲ್ವಾ?"

"ಹಾಗೇ ಅನ್ನಬಹುದು. ಕಲ್ಲಿನ ಬಿನ್ನವತ್ತಳೆ."

"ಇದನ್ನ ಬರೆದೋರು ರಾಜರನ್ನ ಕೇಳಿ ಬರೆದ್ರಾ, ಇಲ್ಲಾ ನೀವು ಬರೆದ ಹಂಗೆ ಬರೆದ್ರಾ?"

ಜೊತೆಗೆ ಬಂದಿದ್ದ ಸಮಾಜದ ಮೇಷ್ಟ್ರು ಕಂಬದ ಹಿಂದೆ ಹೋಗಿ ನಕ್ಕರು. ನಾನು ಮಕ್ಕಳಿಗೆ ಬುತ್ತಿ ಬಿಚ್ಚಲು ಹೇಳಿದೆ. ಆಗಿನ್ನೂ ಹನ್ನೊಂದು ಗಂಟೆ.

ಕೆರೆ

ಶಾಲೆಯಿಂದ ಬಸ್ ನಿಲ್ಲುವ ಜಾಗಕ್ಕೆ ಕೆರೆ ಏರಿಯ ಮೇಲೇ ಹೋಗಬೇಕು. ಒಂದು ಸಂಜೆ ನಾನು ಬಸ್ಸಿಗೆ ಕಾಯುತ್ತಿದ್ದೆ. ಅಟೆಂಡರಣ್ಣನೂ ಅಲ್ಲೇ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದರು. ನಿವೃತ್ತರಾದರೂ ಸಂಜೆಯ ಬಸ್ಸಿನ ಹೊತ್ತಿಗೆ ಅವರು ಅಲ್ಲಿರುತ್ತಿದ್ದರು. ಯಾಕೆಂದು ನಾನು ಎಂದೂ ಕೇಳಿರಲಿಲ್ಲ.

ಅಷ್ಟರಲ್ಲಿ ಕೆರೆಯ ಮೆಟ್ಟಿಲ ಕಡೆಯಿಂದ ಕೂಗು ಕೇಳಿಸಿತು: "ಹುಡುಗಿ ಬಿದ್ಲು! ಸ್ಕೂಲ್ ಹುಡುಗಿ ಬಿದ್ಲು!" ಎಲ್ಲರೂ ಓಡಿದೆವು. ನೀರಿನ ಮೇಲೆ ಒಂದು ನೀಲಿ ಬ್ಯಾಗು ತೇಲುತ್ತಿತ್ತು. ಹುಡುಗಿ ಕಾಣಿಸಲಿಲ್ಲ. ಅಲ್ಲಿ ಇಪ್ಪತ್ತು ಮಂದಿಯಾದರೂ ಇದ್ದರು, ಈಜು ಬರುವ ಗಂಡಸರೂ ಇದ್ದರು. ಆದರೆ ಯಾರೂ ನೀರಿನ ಕಡೆ ನೋಡಲಿಲ್ಲ. ಎಲ್ಲರೂ ಅಟೆಂಡರಣ್ಣನ ಕಡೆ ನೋಡಿದರು. ನೋಡಿ, ಪಕ್ಕಕ್ಕೆ ಸರಿದು, ದಾರಿ ಬಿಟ್ಟರು.

ಆ ದಾರಿಯಲ್ಲಿ ಅವರು ನಡೆದು ಬಂದರು. ಚಪ್ಪಲಿ ಬಿಟ್ಟರು. ನಾವು ನಿವೃತ್ತಿಗೆ ಕೊಟ್ಟಿದ್ದ ವಾಚನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ನನ್ನ ಮುಖವನ್ನೇ ಒಮ್ಮೆ ನೋಡಿದರು, ಆ ನೋಟದಲ್ಲೇ ಅವರಿಗೆ ಈಜು ಬಾರದೆಂದು ನನಗೆ ತಿಳಿಯಿತು. ಆಮೇಲೆ ಧುಮುಕಿದರು.

"ಅವರಿಗೆ ಈಜು ಬರಲ್ರೀ! ಯಾರಾದ್ರೂ ಇಳೀರಿ!" ಎಂದು ನಾನು ಕಿರುಚಿದೆ.

ಪಕ್ಕದವರು ನಕ್ಕರು. "ತಮಾಷೆ ಮಾಡಬ್ಯಾಡ್ರಿ ಮೇಡಂ. ಬರೆದೋರು ನೀವೇ, ಈಗ ಬರಲ್ಲ ಅಂತೀರಿ."

ಅಟೆಂಡರಣ್ಣ ಒಮ್ಮೆ ಮೇಲೆ ಬಂದು, ಎರಡೂ ಕೈ ಎತ್ತಿ, ಮತ್ತೆ ಮುಳುಗಿದರು. ದಂಡೆಯ ಮೇಲಿನವರು ಚಪ್ಪಾಳೆ ತಟ್ಟಿದರು. "ನೋಡ್ರಿ, ಹೆಂಗೆ ಮುಳುಗಿ ಹುಡುಕ್ತಾರೆ! ಕೈ ಬೇರೆ ಬೀಸ್ತಾರೆ!" ಎಂದರು. ನನ್ನ ಜೀವಮಾನದಲ್ಲಿ ಅಂಥ ಭಯ ನಾನು ಕಂಡಿಲ್ಲ. ಆ ಮನುಷ್ಯನನ್ನು ನೀರಿಗೆ ತಳ್ಳಿದವಳು ನಾನೇ. ಬಸ್ಸಿನಲ್ಲಿ ಕೂತು, ಒಂದು ಪುಟ ತುಂಬಿಸಲಿಕ್ಕಾಗಿ ತಳ್ಳಿದ್ದೆ.

ವಾಚು, ಬ್ಯಾಗು ಎಲ್ಲ ಎಸೆದು, ಉಟ್ಟ ಸೀರೆಯಲ್ಲೇ ಇಳಿದೆ. ನನಗೂ ಈಜು ಬರುವುದಿಲ್ಲ. ಸಾಯುವುದಾದರೆ ಸಾಯುತ್ತೇನೆ ಎಂದು ನಾಲ್ಕು ಹೆಜ್ಜೆ ಹಾಕಿದೆ. ನೀರು ಸೊಂಟಕ್ಕೆ ಬಂತು. ಇನ್ನೂ ನಾಲ್ಕು ಹೆಜ್ಜೆ ಹಾಕಿದೆ. ಆಗಲೂ ಸೊಂಟಕ್ಕೇ ಇತ್ತು.

"ಅಣ್ಣ, ನಿಂತ್ಕೊಳ್ರಿ!" ಎಂದು ಕೂಗಿದೆ.

ಅಟೆಂಡರಣ್ಣ ನಿಂತರು. ನೀರು ಅವರ ಹೊಟ್ಟೆಯ ತನಕ ಇತ್ತು. ಅಷ್ಟು ಹೊತ್ತೂ ಅವರು ಮುಳುಗುತ್ತಿದ್ದದ್ದು ಅಷ್ಟೇ ನೀರಿನಲ್ಲಿ.

ಬಿದ್ದ ಹುಡುಗಿಯಾದರೋ ಆಚೆ ಮೆಟ್ಟಿಲಿನಿಂದ ತಾನೇ ಎದ್ದು ಬಂದು, ಜಡೆ ಹಿಂಡುತ್ತಾ, ಎಲ್ಲರ ಹಿಂದೆ ನಿಂತು ನಮ್ಮನ್ನೇ ನೋಡುತ್ತಿದ್ದಳು. ಅವಳನ್ನು ಕಂಡ ಸಂತೋಷಕ್ಕೆ ನಾನು ತಿರುಗಿದೆ, ಸೀರೆ ಕಾಲಿಗೆ ಸುತ್ತಿಕೊಂಡಿತು, ಕೆಸರಿನಲ್ಲಿ ಜಾರಿ ದಬಾರನೆ ಮುಳುಗಿದೆ. ಅಟೆಂಡರಣ್ಣ ನನ್ನ ರಟ್ಟೆ ಹಿಡಿದು ಮೇಲೆತ್ತಿ, ದಂಡೆಯವರೆಗೆ ನಡೆಸಿಕೊಂಡು ಬಂದರು.

ಮೆಟ್ಟಿಲ ಮೇಲೆ ಇಬ್ಬರೂ ನೀರು ಸುರಿಸುತ್ತಾ ಕೂತೆವು. ನಾನು ಅಳುತ್ತಲೇ ಬೈದೆ. "ಈಜು ಬರಲ್ಲ ಅಂತ ನಿಮಗೆ ಗೊತ್ತಿರ್ಲಿಲ್ವಾ ಅಣ್ಣ?"

"ಗೊತ್ತಿತ್ತು ಮೇಡಂ" ಎಂದರು ಅವರು. "ಆದ್ರೆ ಅಷ್ಟು ಜನ ಹಂಗೆ ನೋಡಿದ್ರಲ್ಲ, ನನಗೇ ಅನುಮಾನ ಬಂತು."

ಮತ್ತೊಂದು ಸನ್ಮಾನ

ಮರುದಿನ ಬೆಳಿಗ್ಗೆ ನಮ್ಮ ಯಜಮಾನರು ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದರು. ದಂಡೆಯ ಮೇಲಿದ್ದ ಯಾರೋ ವಿಡಿಯೋ ಮಾಡಿದ್ದರು. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಶುರುವಾದದ್ದು ಮಾತ್ರ ಸ್ವಲ್ಪ ತಡವಾಗಿ, ನಾನು ಜಾರಿ ಬಿದ್ದಲ್ಲಿಂದ. ನಾನು ಮುಳುಗುತ್ತೇನೆ, ಅಟೆಂಡರಣ್ಣ ಎತ್ತುತ್ತಾರೆ, ದಂಡೆಗೆ ತರುತ್ತಾರೆ. ಕೊನೆಗೆ ಒದ್ದೆ ಜಡೆಯ ಹುಡುಗಿಯೂ ಒಂದು ಕ್ಷಣ ಕಾಣುತ್ತಾಳೆ. ಮೇಲೆ ಬರೆದಿತ್ತು: "ಇಳಿವಯಸ್ಸಿನಲ್ಲೂ ಕೆರೆಗೆ ಹಾರಿ ವಿದ್ಯಾರ್ಥಿನಿ ಮತ್ತು ಶಿಕ್ಷಕಿಯನ್ನು ಕಾಪಾಡಿದ ನಿವೃತ್ತ ಅಟೆಂಡರ್." ಶಿಕಾರಿಪುರದಿಂದ ಸೊರಬದವರೆಗೆ ಎಲ್ಲ ಗ್ರೂಪುಗಳಲ್ಲೂ ಅದೇ. ಕುಪ್ಪಗಡ್ಡೆಯಿಂದ ನನ್ನ ಅಣ್ಣ ಫೋನ್ ಮಾಡಿ, "ಎಂತ ಮಾರಾಯ್ತಿ, ಈ ವಯಸ್ಸಲ್ಲಿ ಕೆರೆಗೆ ಯಾಕೆ ಹೋದೆ?" ಎಂದ.

ವಾರದೊಳಗೆ ಶಾಲಾ ಸಮಿತಿಯವರು ಅಟೆಂಡರಣ್ಣನಿಗೆ ಇನ್ನೊಂದು ಸನ್ಮಾನ ನಿಶ್ಚಯಿಸಿದರು. ಬಿನ್ನವತ್ತಳೆ ಯಾರು ಬರೆಯಬೇಕು? "ಪ್ರಾಣ ಉಳಿಸಿಕೊಂಡೋರೇ ಬರೆದ್ರೆ ಭಾವ ಬರ್ತೈತಿ" ಎಂದರು ಅಧ್ಯಕ್ಷರು.

ಈ ಸಲ ಬಸ್ಸಿನಲ್ಲಿ ಕೂತು ಬರೆಯಲಿಲ್ಲ. ಅಟೆಂಡರಣ್ಣನ ಮನೆಗೆ ಹೋದೆ. ಅವರು ಇರಲಿಲ್ಲ. ಹೆಂಡತಿ ಮಣೆ ಹಾಕಿ ಕಾಫಿ ಕೊಟ್ಟರು. ನಾನು ಎಲ್ಲ ಹೇಳಿ ತಪ್ಪೊಪ್ಪಿಕೊಂಡೆ. "ಅಕ್ಕ, ಹಳ್ಳದ ಕಥೆ ಸುಳ್ಳು. ನಾನು ಕಟ್ಟಿದ್ದು. ಅದರಿಂದ ನಿಮ್ಮ ಯಜಮಾನರ ಜೀವ ಹೋಗ್ತಿತ್ತು."

"ಸುಳ್ಳು ಅಂತ ಓದಿದ ದಿನಾನೇ ಗೊತ್ತಾತು ಬಿಡ್ರಿ" ಎಂದರು ಆಕೆ. "ಸ್ನಾನಕ್ಕೆ ಎರಡು ಚೊಂಬು ಹೆಚ್ಚು ಹಾಕಿದ್ರೆ ಉಸಿರು ಕಟ್ತೈತಿ ಅನ್ನೋ ಮನುಷ್ಯ. ಆದ್ರೆ ನಮ್ಮ ಬೀಗರೆಲ್ಲ ಅವತ್ತು ಮೊದಲನೇ ಸಲ ಇವರಿಗೆ ಕುರ್ಚಿ ಹಾಕಿದ್ರು. ಅದಕ್ಕೇ ಸುಮ್ಮನಿದ್ದೆ."

"ನಿಜವಾದ್ದು ಏನಾದ್ರೂ ಇದ್ರೆ ಹೇಳ್ರಿ ಅಕ್ಕ. ಅದನ್ನೇ ಬರೀತೀನಿ."

"ನಿಜ ಅಂದ್ರೆ ಏನಿರ್ತೈತ್ರೀ? ಸಂಜೆ ಹುಡುಗ್ಯಾರ ಬಸ್ಸು ಬರಾತನಕ ಅಲ್ಲೇ ಕಾಯ್ತಿದ್ರು. ಕಡೇ ಹುಡುಗಿ ಹತ್ತಿದ ಮ್ಯಾಲೇ ಮನೆಗೆ ಬರ್ತಿದ್ರು. ಕಡೇ ಬಸ್ಸಿಗೆ ನೀವೂ ನಿಂತಿರ್ತಿದ್ರಂತಲ್ಲ, ಮೇಡಂ ಒಬ್ರೇ ಅದಾರೆ ಅಂತ ಅದಕ್ಕೂ ಕಾಯ್ತಿದ್ರು. ಮೂವತ್ತೊಂದು ವರ್ಷ ಇವರು ಕಾಫಿ ಬಿಸಿಯಾಗಿ ಕುಡಿದಿದ್ದೇ ಇಲ್ಲ."

ಆ ಬಸ್ಸಿನಲ್ಲೇ ಕೂತು ಅವರಿಗೊಂದು ಹಳ್ಳ ಹುಡುಕುತ್ತಿದ್ದವಳು ನಾನು. ಕಿಟಕಿಯಿಂದ ತಲೆ ಹೊರಗೆ ಹಾಕಿದ್ದರೆ ಅಟೆಂಡರಣ್ಣನೇ ಕಾಣುತ್ತಿದ್ದರು. ಅಷ್ಟು ನಾಚಿಕೆ ನನಗೆ ಯಾವ ವೇದಿಕೆಯ ಮೇಲೂ ಆಗಿರಲಿಲ್ಲ.

ಸನ್ಮಾನದ ದಿನ ನಾನು ಫ್ರೇಮನ್ನು ಪಕ್ಕಕ್ಕಿಟ್ಟು ಮೈಕ್ ಹಿಡಿದೆ. "ಎಲ್ಲರೂ ಕ್ಷಮಿಸಬೇಕು. ಹಳ್ಳದ ಕಥೆ ನಾನು ಕಟ್ಟಿದ್ದು. ಇವರು ಯಾವ ಬಾಲಕನನ್ನೂ ಉಳಿಸಿಲ್ಲ. ಇವರಿಗೆ ಈಜು ಬರೋದೇ ಇಲ್ಲ" ಎಂದೆ. ಮುಂದಿನ ಸಾಲಿನಲ್ಲಿದ್ದ ಕಿರಾಣಿ ಅಂಗಡಿಯವರು ಕಂಡಕ್ಟರ ಮುಖ ನೋಡಿದರು. ಆಮೇಲೆ ಸಂಜೆಯ ಬಸ್ಸಿನ ಸಂಗತಿ ಹೇಳಿದೆ. ಮೂವತ್ತೊಂದು ವರ್ಷ ಆರಿದ ಕಾಫಿಯ ಸಂಗತಿಯನ್ನೂ ಹೇಳಿದೆ. ಹೇಳುವಾಗ ನನಗೆ ಅಳು ಬಂತು. ಒಬ್ಬರು ಆಕಳಿಸಿದರು. ಹಿಂದಿನ ಸಾಲಿನವರು ಊಟಕ್ಕೆ ಏನು ಮಾಡಿಸಿದ್ದಾರೆ ಎಂದು ವಿಚಾರಿಸಿಕೊಂಡರು. ಚಪ್ಪಾಳೆ ಬರಲಿಲ್ಲ. ಅಟೆಂಡರಣ್ಣನ ಹೆಂಡತಿ ಒಬ್ಬರೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಗ ಅಧ್ಯಕ್ಷರು ಎದ್ದರು. ನನ್ನ ಕೈಯಿಂದ ಮೈಕ್ ತೆಗೆದುಕೊಂಡರು. ಗದ್ಗದ ಕಂಠದಲ್ಲಿ ಹೇಳಿದರು:

"ಕೇಳಿದ್ರಾ ಬಂಧುಗಳೇ? ಮೇಡಂ ಬಾಯಿಂದಲೇ ಕೇಳಿದ್ರಾ? ಈ ಮಹಾನುಭಾವನಿಗೆ ಈಜೇ ಬರಲ್ಲ! ಈಜು ಬರದೇನೇ ಇಬ್ಬರ ಪ್ರಾಣ ಉಳಿಸ್ಯಾರೆ! ಬಂದಿದ್ರೆ ಇನ್ನೆಷ್ಟು ಜನನ್ನ ಉಳಿಸ್ತಿದ್ರು, ನೀವೇ ಹೇಳ್ರಿ!"

ಅಂಗಳವೆಲ್ಲ ಎದ್ದು ನಿಂತಿತು. ಅಂಥ ಚಪ್ಪಾಳೆಯನ್ನು ನಾನು ಬರೆದ ಯಾವ ಸುಳ್ಳಿಗೂ ಕೇಳಿರಲಿಲ್ಲ. ಉಳಿದುಕೊಂಡ ಇಬ್ಬರಲ್ಲಿ ಒಬ್ಬಳಾದ ನನ್ನ ಕೈಗೇ ಹಾರ ಕೊಟ್ಟು ಹಾಕಿಸಿದರು. ತಲೆ ತಗ್ಗಿಸಿಕೊಂಡು ಅಟೆಂಡರಣ್ಣನ ಮುಂದೆ ನಿಂತೆ. ನಿಜ ಹೇಳಿದ್ದಕ್ಕೆ ಅವರಾದರೂ ಒಂದು ಮಾತು ಅನ್ನುತ್ತಾರೆ ಎಂದುಕೊಂಡೆ. ಹಾರಕ್ಕೆ ಬಗ್ಗಿದವರು ನನ್ನ ಕಿವಿಯ ಹತ್ತಿರ ಬಂದರು.

"ಮೇಡಂ, ಅಧ್ಯಕ್ಷರು ಇಬ್ಬರು ಅಂದ್ರಲ್ಲ" ಎಂದರು. "ಆ ಹುಡುಗಿ ಒಬ್ಬಳು, ನೀವು ಒಬ್ರು. ಹಳ್ಳದ ಹುಡುಗನ್ನೂ ಸೇರಿಸಿದ್ರೆ ಮೂವರು ಆಗ್ಬೇಕಲ್ರೀ?"